ಸಾವಕಾಶ ಮಾಡು, ಇಳೀತೀನಿ

ಹತ್ತು ಲಕ್ಷ ಜನಸಂಖ್ಯೆ ಇಲ್ಲದಿದ್ದರೆ ಅದನ್ನು ಮಹಾನಗರ ಪ್ರದೇಶ ಎನ್ನುವಂತಿಲ್ಲ. ಸಂವಿಧಾನದ 74ನೇ ತಿದ್ದುಪಡಿಯಲ್ಲೇ ಇದನ್ನು ಬರೆದಿಟ್ಟಿದ್ದಾರೆ. 2011ರ ಜನಗಣತಿ ಹಿಡಿದು ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಪಟ್ಟಣಗಳನ್ನು ಕೂಡಿಸಿದರೂ ಲೆಕ್ಕ ಒಂದೂವರೆ ಲಕ್ಷ ಮುಟ್ಟುವುದಿಲ್ಲ. ಇನ್ನೂ ಎಂಟೂವರೆ ಲಕ್ಷ ಜನ ಕಡಿಮೆ ಬೀಳುತ್ತಾರೆ. ಸಂತೆಯ ದಿನ ಸಂಜೆ ರಸ್ತೆ ಬದಿ ನಿಂತು ಬಸ್ಸಿಗೆ ಕೈ ಮಾಡಿದವರನ್ನು ಕೇಳಿದರೆ, ಆ ಎಂಟೂವರೆ ಲಕ್ಷವೂ ಅದರೊಳಗೇ ಇತ್ತು ಎಂದು ಆಣೆ ಮಾಡಿ ಹೇಳುತ್ತಾರೆ.

ನನ್ನ ಅಳಿಯನಿಗೆ, ಅಂದರೆ ತಂಗಿಯ ಮಗನಿಗೆ, ಇಂಥ ತೊಡಕುಗಳೆಲ್ಲ ಲೆಕ್ಕಕ್ಕಿಲ್ಲ. ಬೆಂಗಳೂರಿನಲ್ಲಿ ನಗರ ಸಾರಿಗೆಯ ಯೋಜನೆ ಬರೆಯುವುದೇ ಅವನ ನೌಕರಿ. ಯುಗಾದಿಗೆ ಬಂದವನು ಹೋಳಿಗೆ ಮುಗಿಸಿ, ಮಾಡದಲ್ಲಿದ್ದ ಯಾರದೋ ಲಗ್ನಪತ್ರಿಕೆ ತೆಗೆದು ಅದರ ಹಿಂಬದಿಯಲ್ಲಿ ಮೂರು ಚುಕ್ಕಿ ಇಟ್ಟ. "ಮಾಮಾ, ಇದು ಒಂದು ಮೆಟ್ರೋಪಾಲಿಟನ್ ಏರಿಯಾ ಅಂತ ತಿಳ್ಕೋರಿ" ಅಂದ. ತಿಳಿದುಕೊಂಡೆ. ಅದಕ್ಕೇನು ಖರ್ಚು?

ಹಾಗೆ ನೋಡಿದರೆ ನಮ್ಮ ಮನೆತನದ ಮಟ್ಟಿಗೆ ಅದು ಮೊದಲಿನಿಂದಲೂ ಒಂದೇ ಊರು. ನಾವು ಸಿಂಧನೂರಿನವರು, ತಂಗಿಯನ್ನು ಕೊಟ್ಟದ್ದು ಮಸ್ಕಿಗೆ, ನನ್ನ ಹೆಂಡತಿಯ ತವರು ಲಿಂಗಸುಗೂರು. ಅಕ್ಕಿ ಗಿರಣಿ, ಗೊಬ್ಬರದ ಅಂಗಡಿ, ಟ್ರ್ಯಾಕ್ಟರಿನ ಬಿಡಿಭಾಗ, ದೊಡ್ಡ ಆಸ್ಪತ್ರೆ ಎಂದರೆ ಜನ ಸಿಂಧನೂರಿಗೆ ಬರುತ್ತಾರೆ. ಹೊಲದ ತಕರಾರು ಸಹಾಯಕ ಆಯುಕ್ತರ ಮುಂದೆ ಹೋಗಬೇಕಾದರೆ ಲಿಂಗಸುಗೂರಿಗೆ ಹೋಗುತ್ತಾರೆ. ಅದರಾಚೆ ಹಟ್ಟಿ ಚಿನ್ನದ ಗಣಿ ಇದೆ, ಅಲ್ಲಿಯವರಿಗೆ ಹಗಲು ರಾತ್ರಿ ಎನ್ನುವುದಕ್ಕಿಂತ ಪಾಳಿ ಮುಖ್ಯ. ನಡುವೆ ಮಸ್ಕಿ. 2018ರವರೆಗೆ ಲಿಂಗಸುಗೂರು ತಾಲ್ಲೂಕಿನ ಊರಾಗಿದ್ದು ಈಗ ತಾನೇ ತಾಲ್ಲೂಕಾಗಿರುವುದರಿಂದ, ಅಲ್ಲಿಯವರು ಕಾಗದಪತ್ರಕ್ಕೆ ಬಸ್ಸು ಹತ್ತುವುದು ಸ್ವಲ್ಪ ಕಡಿಮೆಯಾಗಿದೆ; ಬೀಗರ ಮನೆಗೆ ಹತ್ತುವುದು ಕಡಿಮೆಯಾಗಿಲ್ಲ. ಮೂರನ್ನೂ ಪೋಣಿಸಿರುವ ರಸ್ತೆ ರಾಷ್ಟ್ರೀಯ ಹೆದ್ದಾರಿ 150ಎ. ಜೇವರ್ಗಿಯಲ್ಲಿ ಹುಟ್ಟಿ ಚಾಮರಾಜನಗರದ ತನಕ ಹೋಗುವ ಈ ರಸ್ತೆಯಲ್ಲಿ ನಮ್ಮ ಪಾಲು ಸುಮಾರು 55 ಕಿಲೋಮೀಟರ್. ಮಸ್ಕಿ ಹೆಚ್ಚುಕಡಿಮೆ ಅದರ ಅರ್ಧದಲ್ಲಿದೆ.

ಅಳಿಯನ ಯೋಜನೆ ಸರಳವಾಗಿತ್ತು. ಸಿಂಧನೂರಿನಿಂದ ಲಿಂಗಸುಗೂರಿಗೆ ವೇಗದೂತ, ಮಸ್ಕಿಯೊಂದೇ ನಿಲುಗಡೆ. ಗಾಂಧಿ ವೃತ್ತದಿಂದ ಹೊರಟರೆ ಗಡಿಯಾರ ವೃತ್ತದಲ್ಲಿ ಗಡಿಯಾರ ನೋಡುವ ಹೊತ್ತಿಗೆ ಒಂದು ತಾಸು ಕಾಲು. ಎಲ್ಲರೂ ಭೇಷ್ ಅಂದರು. ಆಮೇಲೆ ಅವ್ವ ಕೇಳಿದಳು: "ಅಲ್ಲೋ, ನಮ್ಮ ಹೊಲದ ಹಾದ್ಯಾಗ ನಿಂದ್ರಂಗಿಲ್ಲೇನು?" ಅಜ್ಜಿ ಕೇಳಿದ ಮೇಲೆ ಮೊಮ್ಮಗ ಇಲ್ಲವೆನ್ನಲು ಅದೇನು ಬೆಂಗಳೂರೇ? ಒಂದು ಚುಕ್ಕಿ ಬಿತ್ತು. ತಂಗಿಯ ಗಂಡನಿಗೆ ಪರಿಚಯದ ರೈಸ್ ಮಿಲ್ಲಿನ ಎದುರು ಒಂದು ಬೇಕಾಯಿತು, ಹಮಾಲರು ಎಲ್ಲಿ ಇಳಿಯಬೇಕು ಹೇಳಿ? ಪಕ್ಕದ ಮನೆಯ ಹುಡುಗಿ ಕಾಲೇಜು ಕ್ರಾಸ್ ಎಂದಳು. ಒಂದು ದರ್ಗಾ, ಒಂದು ಹನುಮಪ್ಪನ ಗುಡಿ. ದರ್ಗಾಕ್ಕೆ ಕೊಟ್ಟು ಗುಡಿಗೆ ಬಿಟ್ಟರೆ, ಗುಡಿಗೆ ಕೊಟ್ಟು ದರ್ಗಾಕ್ಕೆ ಬಿಟ್ಟರೆ, ಎರಡೂ ಕಷ್ಟ. ಎಲೆ ಎತ್ತುವಷ್ಟರಲ್ಲಿ ವೇಗದೂತಕ್ಕೆ ಹದಿನಾರು ನಿಲುಗಡೆಗಳಾಗಿ ಗೆರೆ ಕಾಣದಂತಾಯಿತು. ಎಲ್ಲರ ಒಪ್ಪಿಗೆಯಿಂದ ಅದರ ಹೆಸರು ಮಾತ್ರ ವೇಗದೂತವೆಂದೇ ಉಳಿಯಿತು.

ಇದರಲ್ಲಿ ನಗುವುದಕ್ಕಿಂತ ತಿಳಿಯುವುದು ಹೆಚ್ಚಿದೆ. ಈ ರಸ್ತೆಗೆ ಇಷ್ಟೊಂದು ನಿಲುಗಡೆ ಬಂದದ್ದು ಜನರ ಸೋಮಾರಿತನದಿಂದಲ್ಲ, ನೀರಿನಿಂದ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಆಯಿತು, ಎಡದಂಡೆ ಕಾಲುವೆ ಜೋಳದ ಸೀಮೆಗೆ ಭತ್ತ ತಂದಿತು. ನೀರಿನ ಹಿಂದೆ ಕೃಷ್ಣಾ, ಗೋದಾವರಿ ಕಡೆಯ ರೈತರು ಬಂದು ಹೊಲದಲ್ಲೇ ಮನೆ ಕಟ್ಟಿದರು. ಆ ಮನೆಗಳ ಗುಂಪಿಗೆ ಕ್ಯಾಂಪು ಎಂದು ಹೆಸರು. ಆಮೇಲೆ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಸರ್ಕಾರ ಸಿಂಧನೂರು ತಾಲ್ಲೂಕಿನಲ್ಲಿ ನೆಲೆ ಕೊಟ್ಟಿತು, ಅವು ಆರ್.ಎಚ್. ಕ್ಯಾಂಪುಗಳು. ಅವಕ್ಕೆ ಹೆಸರಿಡುವ ವ್ಯವಧಾನ ಯಾರಿಗೂ ಇರಲಿಲ್ಲವೋ ಏನೋ, ಒಂದು, ಎರಡು, ಮೂರು ಎಂದು ನಂಬರ್ ಇಟ್ಟರು. ಹೀಗಾಗಿ ನಮ್ಮ ಕಡೆ ಊರೆಂದರೆ ಅಗಸಿ ಬಾಗಿಲು, ಹನುಮಪ್ಪನ ಕಟ್ಟೆ ಇರುವ ಒಂದು ಗಟ್ಟಿಯಾದ ಗಂಟಲ್ಲ, ಕಾಲುವೆ ಹರಿದ ಕಡೆಗೆಲ್ಲ ಚೆಲ್ಲಿಕೊಂಡ ಮನೆಗಳು. ಕ್ಯಾಂಪಿನವರು ಒಳದಾರಿಯಲ್ಲಿ ನಡೆದು ಬಂದು ಹೆದ್ದಾರಿಗೆ ಕೈ ಮಾಡುತ್ತಾರೆ. ಕನ್ನಡ, ತೆಲುಗು, ಉರ್ದು, ಬಂಗಾಳಿ, ಲಂಬಾಣಿ ಯಾವ ಮಾತಿನವರೇ ಇರಲಿ, ಬಸ್ಸಿಗೆ ಕೈ ಮಾಡುವ ಭಾಷೆ ಒಂದೇ.

ಕಂಡಕ್ಟರರು ಇದನ್ನೆಲ್ಲ ಬಲ್ಲವರು. ಒಮ್ಮೆ ವೇಗದೂತ ಹತ್ತಿದ ಮುದುಕಿಯೊಬ್ಬಳಿಗೆ ಕಂಡಕ್ಟರ್ ತಾಳ್ಮೆಯಿಂದಲೇ ಹೇಳಿದ: "ಯವ್ವಾ, ಇದು ಎಕ್ಸ್‌ಪ್ರೆಸ್ ಐತಿ. ನಿಮ್ಮ ಕ್ಯಾಂಪಿನ ಹತ್ರ ನಿಂದ್ರಂಗಿಲ್ಲ." ಮುದುಕಿ ಅವನಷ್ಟೇ ತಾಳ್ಮೆಯಿಂದ ಹೇಳಿದಳು: "ನಿಂದ್ರಸಬ್ಯಾಡಪ್ಪಾ. ಸ್ವಲ್ಪ ಸಾವಕಾಶ ಮಾಡು, ನಾನೇ ಇಳೀತೀನಿ." ಕಾಯಿದೆಯನ್ನು ಮುರಿಯದೆ ಕೆಲಸ ಮಾಡಿಕೊಳ್ಳುವ ಈ ಜಾಣ್ಮೆಗೆ ಡ್ರೈವರ್ ಸೋತು, ಕ್ಯಾಂಪಿನ ಮುಂದೆ ಬಸ್ಸನ್ನು ನಿಲ್ಲಿಸಿಯೇ ಬಿಟ್ಟ. ಹಿಂದಿನ ಸೀಟಿನಲ್ಲಿ ಅವಸರದ ಮಂದಿ ಗೊಣಗಿದರು. ಗೊಣಗಿದವರಲ್ಲಿ ಇಬ್ಬರು ಅಲ್ಲೇ ಇಳಿದರು.

ಇನ್ನು ನಿಲುಗಡೆಗೆ ಎಷ್ಟು ಹೊತ್ತು ಹಾಳಾಗುತ್ತದೆ ಎಂಬ ಲೆಕ್ಕ. ಅಳಿಯ ಫೋನು ತೆಗೆದು ಕೂಡಿಸಿದ, ನಾನು ಬಾಯಲ್ಲೇ ಕೂಡಿಸಿದೆ, ಇಬ್ಬರದೂ ಹೊಂದಿತು. ತಾಸಿಗೆ 50 ಕಿಲೋಮೀಟರ್ ಹಿಡಿದರೆ 55 ಕಿಲೋಮೀಟರಿಗೆ 66 ನಿಮಿಷ. ಬ್ರೇಕ್ ಹಾಕಿ, ಇಳಿಸಿ, ಹತ್ತಿಸಿ, ರೈಟ್ ಅನ್ನಿಸಿಕೊಂಡು ಮತ್ತೆ ವೇಗ ಹಿಡಿಯಲು ಒಂದು ನಿಲುಗಡೆಗೆ ಒಂದೂವರೆ ನಿಮಿಷ ಎಂದುಕೊಳ್ಳಿ. ಹದಿನಾರಕ್ಕೆ 24 ನಿಮಿಷ. ಮಸ್ಕಿ ನಿಲ್ದಾಣದೊಳಗೆ ಹೋಗಿ ಬರುವುದು ಎರಡೂ ಬಸ್ಸಿಗೆ ಸಮ. ಅಲ್ಲಿಗೆ ವೇಗದೂತದ ಉಳಿತಾಯ 24 ನಿಮಿಷ, ಕಡಿಮೆಯೇನಲ್ಲ.

ಆದರೆ ಬಸ್ಸುಗಳು ಆಕಾಶದಿಂದ ಉದುರುವುದಿಲ್ಲ. ಇರುವ ಬಸ್ಸುಗಳಲ್ಲೇ ಅರ್ಧ ತೆಗೆದು ವೇಗದೂತ ಮಾಡಬೇಕು. ಅರ್ಧ ತಾಸಿಗೊಂದು ಬಸ್ಸು ಇದೆ ಎಂದಿಟ್ಟುಕೊಂಡರೆ, ಹೊತ್ತು ನೋಡದೆ ನಿಲ್ದಾಣಕ್ಕೆ ಬಂದವನು ಸರಾಸರಿ 15 ನಿಮಿಷ ಕಾಯುತ್ತಾನೆ. ಒಂದು ಬಿಟ್ಟು ಒಂದನ್ನು ವೇಗದೂತ ಮಾಡಿದರೆ ಎರಡೂ ಬಗೆಯವು ತಾಸಿಗೊಂದಾಗುತ್ತವೆ, ಕಾಯುವುದು 30 ನಿಮಿಷಕ್ಕೆ ಏರುತ್ತದೆ. ಲಿಂಗಸುಗೂರಿನ ತನಕ ಹೋಗುವವನಿಗೆ ದಾರಿಯಲ್ಲಿ 24 ನಿಮಿಷ ಲಾಭ, ನಿಲ್ದಾಣದಲ್ಲಿ 15 ನಿಮಿಷ ನಷ್ಟ, ಕೈಗೆ ಹತ್ತುವುದು 9 ನಿಮಿಷ. ಮಸ್ಕಿಯಲ್ಲಿ ಇಳಿಯುವವನಿಗೆ 12 ಲಾಭ, 15 ನಷ್ಟ. ಅಂದರೆ ಅವನು ವೇಗದೂತ ಹತ್ತಿ ಮೂರು ನಿಮಿಷ ತಡವಾಗಿ ಮನೆ ಸೇರುತ್ತಾನೆ. ಕ್ಯಾಂಪಿನ ಮುದುಕಿಗೆ ಲಾಭವಿಲ್ಲ, ನಷ್ಟ ಪೂರ್ತಿ 15 ನಿಮಿಷ, ಅದೂ ಬಿಸಿಲಿನಲ್ಲಿ. ಏಪ್ರಿಲ್ ತಿಂಗಳಲ್ಲಿ ರಾಯಚೂರು ಜಿಲ್ಲೆಯ ಬಿಸಿಲಿನ ಒಂದು ನಿಮಿಷವನ್ನು ಬೇರೆ ಊರಿನ ನಿಮಿಷದ ಜೊತೆ ಸಮ ತೂಗುವುದು ನನಗಂತೂ ನ್ಯಾಯವೆನ್ನಿಸುವುದಿಲ್ಲ.

ಅಳಿಯ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾಮಾ, ನಮ್ಮ ರಿಪೋರ್ಟಿನಾಗ ಕಾಯೋದು ಕಡೀಗೆ ಬರ್ತದ" ಅಂದ. ಓಡುವ ಬಸ್ಸಿನ ವೇಗ ಅಳೆಯಲು ಎಷ್ಟೋ ಸಲಕರಣೆಗಳಿವೆ. ನಿಂತ ಜನರ ವೇಗ ಅಳೆಯುವ ಮೀಟರು ಇನ್ನೂ ಬರಬೇಕು.

ಬಸ್ಸಿಗೆ ಹೆಸರಿಡುವುದರಲ್ಲಿ ಮಾತ್ರ ನಾವು ಯಾರಿಗೂ ಕಡಿಮೆಯಿಲ್ಲ. 2024ರ ಫೆಬ್ರುವರಿಯಲ್ಲಿ ಕೆಎಸ್‌ಆರ್‌ಟಿಸಿ ಊರಿಂದ ಊರಿಗೆ ನೇರ ಓಡುವ ಹೊಸ ಬಸ್ಸುಗಳಿಗೆ ಅಶ್ವಮೇಧ ಕ್ಲಾಸಿಕ್ ಎಂದು ಹೆಸರಿಟ್ಟಿತು. ಅಶ್ವಮೇಧದ ಕುದುರೆಯನ್ನು ಯಾರಾದರೂ ಕಟ್ಟಿಹಾಕಿದರೆ ಯುದ್ಧವೇ ಆಗುತ್ತಿತ್ತು. ನಮ್ಮ ರಸ್ತೆಯಲ್ಲಿ ಅದನ್ನು ಕಟ್ಟಿಹಾಕುವ ಲವಕುಶರು ಹದಿನಾರು ಕಡೆ ನಿಂತಿರುತ್ತಾರೆ, ಯುದ್ಧ ಮಾತ್ರ ಆಗುವುದಿಲ್ಲ. ನಮ್ಮ ಕಲ್ಯಾಣ ಕರ್ನಾಟಕದ ನಿಗಮ ತನ್ನ ಸ್ಲೀಪರ್ ಬಸ್ಸಿಗೆ ಅಮೋಘವರ್ಷ ಎಂದಿಟ್ಟಿದೆ. ಅರವತ್ತು ವರ್ಷದ ಮೇಲೆ ಸಿಂಹಾಸನದ ಮೇಲಿದ್ದ ದೊರೆಯ ಹೆಸರನ್ನು ಮಲಗುವ ಬಸ್ಸಿಗೆ ಇಟ್ಟವರು ರಸಿಕರೇ ಇರಬೇಕು.

ನಿಗಮಗಳ ಕಥೆಯೂ ಒಂದು ಪ್ರಯಾಣವೇ. 1932ರಲ್ಲಿ ನಿಜಾಮರ ಸರ್ಕಾರ ರೈಲ್ವೆ ಇಲಾಖೆಯ ಕೈಕೆಳಗೆ 27 ಬಸ್ಸು, 166 ನೌಕರರೊಂದಿಗೆ ಸಾರಿಗೆ ಶುರುಮಾಡಿತು. ರೈಲು ಇರುವಲ್ಲಿಗೆ ಜನರನ್ನು ತಂದು ಮುಟ್ಟಿಸುವ ಬಸ್ಸು, ಬಸ್ಸಿನ ಹೊತ್ತಿಗೆ ಹೊಂದುವ ರೈಲು, ಎರಡಕ್ಕೂ ಯಜಮಾನ ಒಬ್ಬನೇ. ಇಂದು ಅಳಿಯನ ಕಂಪನಿ ದುಬಾರಿ ಶುಲ್ಕ ತೆಗೆದುಕೊಂಡು ಹೇಳುವ ಬುದ್ಧಿವಾದವೂ ಇದೇ. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ನಮ್ಮ ಸಾರಿಗೆ 1961ರಲ್ಲಿ ನಿಗಮವಾಯಿತು, 2000ದಲ್ಲಿ ಕಲಬುರಗಿಯಲ್ಲಿ ಈಶಾನ್ಯ ನಿಗಮವೆಂದು ಬೇರೆ ಸಂಸಾರ ಹೂಡಿತು, 2021ರಲ್ಲಿ ಕಲ್ಯಾಣ ಕರ್ನಾಟಕ ನಿಗಮವಾಯಿತು. ಇಷ್ಟೆಲ್ಲ ಆದರೂ ನಮ್ಮ ಮಂದಿಗೆ ಅದು ಇವತ್ತಿಗೂ "ಗೌರ್ಮೆಂಟ್ ಗಾಡಿ".

ಮಸ್ಕಿಯ ಸುದ್ದಿ ಬಂದ ಮೇಲೆ ಅಶೋಕನನ್ನು ಬಿಟ್ಟು ಮುಂದೆ ಹೋಗುವುದು ಸಾಧ್ಯವಿಲ್ಲ. ಅದು ಕೋರಿಕೆ ನಿಲುಗಡೆಯಲ್ಲ, ಕಡ್ಡಾಯ ನಿಲುಗಡೆ. ಉತ್ತರದ ಶಾಸನಗಳನ್ನು ಓದಿದ ವಿದ್ವಾಂಸರಿಗೆ ಬಹುಕಾಲ ಸಿಕ್ಕದ್ದು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಮಸ್ಕಿಯ ಬಂಡೆಯ ಮೇಲಿನ ಬರಹವನ್ನು ಕಂಡ. ಅದರಲ್ಲಿ ಅಶೋಕ ಎಂಬ ಹೆಸರೇ ಇತ್ತು. ಮುಂದೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳದ ಶಾಸನಗಳಲ್ಲೂ ಆ ಹೆಸರು ಸಿಕ್ಕಿತು. ದಾರಿಯುದ್ದಕ್ಕೂ ಮರ ನೆಡಿಸಿ, ಬಾವಿ ತೋಡಿಸಿದ್ದಾಗಿ ಅವನ ಬೇರೆ ಶಾಸನಗಳು ಹೇಳುತ್ತವೆ. ಅಷ್ಟು ಮಾಡಿಸಿದ ಚಕ್ರವರ್ತಿ ತನ್ನ ಹೆಸರು ಹಾಕಿಸಿದ್ದು ಬೆರಳೆಣಿಕೆಯಷ್ಟು ಕಡೆ. ನಮ್ಮ ರಸ್ತೆಯ ತಂಗುದಾಣಗಳನ್ನು ನೋಡಿ: ಕೂರಲು ಕಲ್ಲು ಇರಲಿ ಬಿಡಲಿ, ಯಾರ ಅನುದಾನದಲ್ಲಿ ಕಟ್ಟಿದ್ದು ಎಂಬ ಹೆಸರು ಹಣೆಯ ಮೇಲೆ ಇದ್ದೇ ಇರುತ್ತದೆ. ಮುಂದಿನ ಕಾಲದ ಬೀಡನ್ನರಿಗೆ ಕೆಲಸವೇ ಉಳಿಯುವುದಿಲ್ಲ.

ತಂಗುದಾಣವೇ ಅಳಿಯನ ಎರಡನೆಯ ಯೋಜನೆಗೆ ಅಡ್ಡ ಬಂದದ್ದು. ಹದಿನಾರು ನಿಲುಗಡೆಗಳಲ್ಲಿ ಕೆಲವು ಒಂದಕ್ಕೊಂದು ಕೂಗಳತೆಯಲ್ಲಿವೆ. ಎರಡೆರಡು ಕೂಡಿಸಿ ಒಂದು ಮಾಡಿದರೆ ಹತ್ತಕ್ಕೆ ಇಳಿಯುತ್ತದೆ, ಯಾರೂ ಐದು ನಿಮಿಷಕ್ಕಿಂತ ಹೆಚ್ಚು ನಡೆಯಬೇಕಿಲ್ಲ, ಬಸ್ಸಿಗೆ ಒಂಬತ್ತು ನಿಮಿಷ ಉಳಿಯುತ್ತದೆ. ಎಲ್ಲ ಬಸ್ಸಿಗೂ, ಎಲ್ಲ ಮಂದಿಗೂ ಆಗುವ ಉಳಿತಾಯ ಇದು. ಲೆಕ್ಕದಲ್ಲಿ ಇದಕ್ಕಿಂತ ಚೊಕ್ಕವಾದದ್ದಿಲ್ಲ. ಆದರೆ ಎರಡು ಕ್ಯಾಂಪುಗಳ ನಡುವಿನ ಒಂದು ನಿಲುಗಡೆ ಯಾವ ಕ್ಯಾಂಪಿನ ಕಡೆಗೆ ಇರಬೇಕು, ಫಲಕದ ಮೇಲೆ ಯಾರ ಊರಿನ ಹೆಸರು ಮೊದಲು ಬರಬೇಕು? ಇದನ್ನು ಬಗೆಹರಿಸುವ ತಂತ್ರಾಂಶವನ್ನು ಅವನ ಕಂಪನಿ ಇನ್ನೂ ಬರೆದಿಲ್ಲ.

ವೇಗವನ್ನೂ ನಿಲುಗಡೆಯನ್ನೂ ಒಟ್ಟಿಗೆ ಕೊಡುವ ದಾರಿ ಇಲ್ಲವೆಂದಲ್ಲ. ಹುಬ್ಬಳ್ಳಿ–ಧಾರವಾಡದ ನಡುವೆ 2018ರಲ್ಲಿ ಓಡಲು ಶುರುವಾದ ಚಿಗರಿ ಬಸ್ಸುಗಳಿಗೆ ರಸ್ತೆಯ ನಡುವೆ ಸುಮಾರು 22 ಕಿಲೋಮೀಟರ್ ಪ್ರತ್ಯೇಕ ಹಾದಿ ಇದೆ. ಬಸ್ಸಿನ ನೆಲದ ಎತ್ತರಕ್ಕೇ ಕಟ್ಟೆ, ಹತ್ತುವ ಮೊದಲೇ ಟಿಕೆಟ್. ನಿಲ್ದಾಣದಲ್ಲಿ ಒಂದು ಬಸ್ಸು ನಿಂತಿದ್ದರೆ ತಡೆರಹಿತ ಬಸ್ಸು ಪಕ್ಕದಿಂದ ದಾಟಿಹೋಗಲು ಇನ್ನೊಂದು ಪಥ. ಬ್ರೆಜಿಲ್ಲಿನ ಕುರಿಟಿಬಾದಲ್ಲಿ 1974ರಲ್ಲಿ, ಕೊಲಂಬಿಯಾದ ಬೊಗೋಟಾದಲ್ಲಿ 2000ದಲ್ಲಿ ಶುರುವಾದ ಇಂಥ ಬಸ್ಸು ಹಾದಿಗಳ ದೂರದ ಬಳಗ ಇದು. ಹಾಗೆ ಮಾಡಲು ಎರಡು ನಗರಗಳ ನಡುವೆ ನಿಮಿಷಕ್ಕೊಂದರಂತೆ ತುಂಬುವಷ್ಟು ಮಂದಿ ಬೇಕು. ನಮ್ಮಲ್ಲಿ ಅಂಥ ಹಾದಿ ಮಾಡಿದರೆ ಸುಗ್ಗಿಯಲ್ಲಿ ಅದರ ಮೇಲೆ ಭತ್ತ ಒಣಗುತ್ತದೆ. ಬೆಂಗಳೂರಿನವರು ತಾನೇ ಏನು ಮಾಡಿದರು? 2019ರ ಕೊನೆಗೆ ಹೊರವರ್ತುಲ ರಸ್ತೆಯಲ್ಲಿ ಬಸ್ಸಿಗೆಂದೇ ಒಂದು ಪಥ ಬಿಟ್ಟರು, ಮೆಟ್ರೋ ಕಾಮಗಾರಿ ಬಂದಾಗ ಅದು ಹೋಯಿತು.

ನಮ್ಮಲ್ಲಿ ವೇಗದ ಇನ್ನೊಂದು ಪಂಥವಿದೆ, ಟಂಟಂ ಮತ್ತು ಕ್ರೂಸರ್. ಅವಕ್ಕೆ ವೇಳಾಪಟ್ಟಿ ಇಲ್ಲ, ತತ್ತ್ವವಿದೆ.

"ಎಷ್ಟೊತ್ತಿಗೆ ಬಿಡ್ತೀಪಾ?"

"ತುಂಬಿದ ಮ್ಯಾಗರೀ."

"ಯಾವಾಗ ತುಂಬ್ತದ?"

"ನೀವು ಕುಂತ್ರ ಇನ್ನೊಬ್ರು ಸಾಕ್ರಿ."

ಎಷ್ಟು ಜನ ಕೂತರೂ ಇನ್ನೊಬ್ಬರು ಬೇಕಾಗಿಯೇ ಇರುತ್ತಾರೆ. ಆದರೂ ಜನ ಅದನ್ನು ಹತ್ತುತ್ತಾರೆ, ಏಕೆಂದರೆ ಅದು ಕಣ್ಣ ಮುಂದೆ ಇದೆ, ಎಂಜಿನ್ ಗುಡುಗುತ್ತಿದೆ, ಈಗಲೋ ಆಗಲೋ ಹೊರಟಂತೆ ಎರಡಡಿ ಮುಂದೆ ಎರಡಡಿ ಹಿಂದೆ ಆಡುತ್ತಿದೆ. ಬಸ್ಸು ಎಲ್ಲಿದೆ ಎಂಬುದು ಕಂಟ್ರೋಲರ್ ಸಾಹೇಬರಿಗಷ್ಟೇ ಗೊತ್ತು. ಕಾಯುವವನಿಗೆ ಇನ್ನೆಷ್ಟು ಹೊತ್ತು ಎಂದು ಹೇಳುವ ಒಂದು ಫಲಕ ನಿಲ್ದಾಣದಲ್ಲಿ ಸರಿಯಾಗಿ ಉರಿದರೆ ಕ್ರೂಸರಿನ ಅರ್ಧ ವ್ಯಾಪಾರ ಬಸ್ಸಿಗೆ ಬರುತ್ತದೆ ಎಂಬುದು ನನ್ನ ಅಂದಾಜು. ಇಪ್ಪತ್ತು ನಿಮಿಷ ಎಂದು ಗೊತ್ತಾದರೆ ಒಂದು ಪ್ಲೇಟ್ ಮಂಡಾಳು ಒಗ್ಗರಣಿ, ಎರಡು ಮಿರ್ಚಿ ಮುಗಿಯುತ್ತವೆ. ಗೊತ್ತಿಲ್ಲದ ಇಪ್ಪತ್ತು ನಿಮಿಷದಲ್ಲಿ ರಕ್ತದೊತ್ತಡ ಮಾತ್ರ ಏರುತ್ತದೆ. ಮಿರ್ಚಿಯಿಂದಲೂ ಏರುತ್ತದೆ ಎಂದು ಡಾಕ್ಟರು ಹೇಳಿದ್ದಾರೆ, ಆ ಮಾತು ಇಲ್ಲಿ ಬೇಡ.

2023ರ ಜೂನ್ 11ರಂದು ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ಲೆಕ್ಕವೇ ಬೇರೆಯಾಗಿದೆ. ಮೊದಲು ಹಬ್ಬಕ್ಕೆ ಬರುತ್ತಿದ್ದ ತಂಗಿ ಈಗ ಪುಂಡಿಪಲ್ಯ ಚಲೋ ಆಗಿದೆಯೆಂದು ಡಬ್ಬಿ ಹಿಡಿದು ಬರುತ್ತಾಳೆ. ನಾಟಿಗೆ, ಹತ್ತಿ ಬಿಡಿಸಲು ಹೋಗುವ ಹೆಣ್ಣುಮಕ್ಕಳು ಟಂಟಂ ಬಿಟ್ಟು ಬಸ್ಸಿನಲ್ಲಿ ಹೋಗುತ್ತಾರೆ. ಗಂಡಸರು ನಿಂತುಕೊಂಡು ಇದನ್ನು ಟೀಕಿಸುತ್ತಾರೆ, ಕೂತು ಟೀಕಿಸಲು ಜಾಗವಿಲ್ಲ. ನನಗೆ ಇದರಲ್ಲಿ ಯಾವ ತಕರಾರೂ ಇಲ್ಲ. ಒಂದು ಸಣ್ಣ ಸಂಗತಿಯನ್ನು ಮಾತ್ರ ಯೋಜನೆ ಬರೆಯುವವರು ನೆನಪಿಡಬೇಕು. ಮೊದಲು ಸಾಮಾನ್ಯ ಬಸ್ಸಿಗೂ ವೇಗದೂತಕ್ಕೂ ಇದ್ದ ದರದ ಅಂತರವೇ ಹತ್ತಿರದವರನ್ನೂ ದೂರದವರನ್ನೂ ಬೇರೆಬೇರೆ ಮಾಡುತ್ತಿತ್ತು. ಶೂನ್ಯ ಟಿಕೆಟಿಗೆ ಎರಡರಲ್ಲೂ ಬೆಲೆ ಒಂದೇ. ಹಾಗಾಗಿ ಮೊದಲು ಬಂದದ್ದೇ ತಮ್ಮ ಬಸ್ಸು. ಆಧಾರ್ ತೋರಿಸಿ, ಮಷಿನ್ ಒತ್ತಿ, ಶೂನ್ಯದ ಚೀಟಿ ಹರಿದು ಕೊಡುವಷ್ಟರಲ್ಲಿ ಅಳಿಯನ ಒಂದೂವರೆ ನಿಮಿಷ ಎರಡಾಗಿರುತ್ತದೆ.

ನಮ್ಮ ಸೀಮೆಯಲ್ಲಿ ನಿಜವಾಗಿ ವೇಗವಾದ ಬಸ್ಸುಗಳಿವೆ, ರಾತ್ರಿ ಹೊರಡುತ್ತವೆ. ಊಟ ಮಾಡಿ ಹತ್ತಿದರೆ ಬೆಳಗಿಗೆ ಬೆಂಗಳೂರು. ಮಳೆ ಕೈಕೊಟ್ಟ ವರ್ಷ ಲಿಂಗಸುಗೂರು, ಮಸ್ಕಿಯ ಒಣಬೇಸಾಯದ ಹಳ್ಳಿಗಳಿಂದ ಹಾಸಿಗೆ ಗಂಟು, ಅಡುಗೆ ಸಾಮಾನು, ಕೂಸುಗಳೊಂದಿಗೆ ಗುಳೆ ಹೋಗುವವರು ಹತ್ತುವುದು ಇವನ್ನೇ. ಬೆಂಗಳೂರಿಗೆ ಅವರು ಬೆಳಗ್ಗೆ ಕೆಲಸಕ್ಕೆ ಬೇಕು, ಅದಕ್ಕೆ ಅಲ್ಲಿಗೆ ನೇರ ಬಸ್ಸಿದೆ. ಅದೇ ಹಳ್ಳಿಯ ಹುಡುಗಿ ಬೆಳಗಿನ ಕಾಲೇಜಿಗೆ ಸಿಂಧನೂರು ಮುಟ್ಟಬೇಕಾದರೆ ಮೊದಲನೆಯ ತರಗತಿ ಬಿಟ್ಟುಕೊಡಬೇಕು. ನಾನೂರು ಕಿಲೋಮೀಟರಿನ ಆಸುಪಾಸು ದೂರ ಹೋಗಲು ಇರುವ ಅನುಕೂಲ ಮೂವತ್ತಕ್ಕೆ ಇಲ್ಲ. ಇದನ್ನು ಹೇಳಿದಾಗ ಅಳಿಯ ಲಗ್ನಪತ್ರಿಕೆ ಮಗುಚಿ ಹಾಕಿ ವಧೂವರರ ಹೆಸರು ಓದತೊಡಗಿದ. ತಾನೂ ಅದೇ ರಾತ್ರಿ ಬಸ್ಸಿನವನಲ್ಲವೇ?

ರೈಲು ಬಂದಿದೆಯಲ್ಲ ಎನ್ನುವವರಿದ್ದಾರೆ. ಬಂದಿದೆ. ಮುಂಬಯಿ ಕಡೆಯ ಹಳಿಯೂ ಮದರಾಸು ಕಡೆಯ ಹಳಿಯೂ ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ಅಲ್ಲಿಂದ ಸುಮಾರು 90 ಕಿಲೋಮೀಟರ್ ದೂರದ ಸಿಂಧನೂರಿಗೆ ರೈಲು ಬಂದದ್ದು 2024ರಲ್ಲಿ, ಅದೂ ರಾಯಚೂರಿನ ಕಡೆಯಿಂದಲ್ಲ, ಕಾರಟಗಿ ಕಡೆಯಿಂದ ಸುತ್ತಿ. ರೈಲು ಇಳಿದವರಿಗೆ ಮಸ್ಕಿಯ ಬಸ್ಸು ಹೊಂದಿಸಿಕೊಡಲು 1932ರ ನಿಜಾಮರ ಇಲಾಖೆ ಈಗ ಇಲ್ಲ. ಟಂಟಂನವರು ಯಾವ ಸಮಿತಿಯೂ ಇಲ್ಲದೆ ಆ ಕೆಲಸವನ್ನು ಎತ್ತಿಕೊಂಡಿದ್ದಾರೆ.

ಸಂಜೆಯ ಹೊತ್ತಿಗೆ ಅಳಿಯ ಹೊಸ ಲಗ್ನಪತ್ರಿಕೆಯ ಮೇಲೆ ಮೂರನೆಯ ಯೋಜನೆ ಬರೆದ. ದಿನವಿಡೀ ಹದಿನೈದು ನಿಮಿಷಕ್ಕೊಂದು ಸಾಮಾನ್ಯ ಬಸ್ಸು, ಹತ್ತೇ ನಿಲುಗಡೆ. ಬೆಳಗ್ಗೆ ಎಂಟರಿಂದ ಹತ್ತು, ಸಂಜೆ ನಾಲ್ಕರಿಂದ ಆರು ಮಾತ್ರ ಅದರ ಮೇಲೆ ಹೆಚ್ಚುವರಿಯಾಗಿ ವೇಗದೂತ. ಹಟ್ಟಿಯ ಪಾಳಿ ಬಿಡುವ ಹೊತ್ತಿಗೆ ಲಿಂಗಸುಗೂರಿನಲ್ಲಿ ಒಂದು ಜೋಡಣೆ. ಇದಕ್ಕೆ ಯಾರೂ ತಕರಾರು ತೆಗೆಯಲಿಲ್ಲ. ಉಳಿದದ್ದು ಕಡೇ ಬಸ್ಸು. ಯಾವ ಸಾರಿಗೆಯ ನಿಜವಾದ ಅಳತೆಯೂ ಕಡೇ ಬಸ್ಸಿನಲ್ಲಿ ಇರುತ್ತದೆ. ಅದು ಎಂಟಕ್ಕೆ ಹೋದರೆ ಸಂಜೆಯ ಡಾಕ್ಟರು, ನಾಟಕ, ಆರತಕ್ಷತೆ ಎಲ್ಲ ಏಳೂವರೆಗೇ ಮುಗಿದವೆಂದು ಲೆಕ್ಕ. ಅಳಿಯ ರಾತ್ರಿ ಹನ್ನೊಂದು ಎಂದ. ಅವ್ವ ಸುತರಾಂ ಒಪ್ಪಲಿಲ್ಲ: "ಹನ್ನೊಂದಕ್ಕ ಬಸ್ಸಿದ್ರ ಯಾವ ಬೀಗರು ವಸ್ತಿ ಉಳೀತಾರ? ಏಳಕ್ಕ ಹೋಗ್ಬಿಡಬೇಕು. ಬಸ್ಸು ಹೋತು, ಉಳೀರಿ ಅನ್ನಾಕ ಬರ್ತದ." ತಂಗಿ, ಭಾವ, ಅಂದು ಬಂದಿದ್ದ ಲಿಂಗಸುಗೂರಿನ ಬೀಗರು ಸಮೇತ ಎಲ್ಲರೂ ಅವ್ವನ ಮಾತೇ ಸರಿ ಎಂದರು. ಹದಿನಾಲ್ಕು ಮಂದಿಗೆ ರಾತ್ರಿ ರೊಟ್ಟಿ ತಟ್ಟುತ್ತಿದ್ದ ನನ್ನ ಹೆಂಡತಿ ಒಲೆಯ ಮುಂದಿನಿಂದಲೇ ಹೇಳಿದಳು, ಹನ್ನೊಂದಕ್ಕೆ ಒಂದು, ಹನ್ನೊಂದೂವರೆಗೆ ಇನ್ನೊಂದು ಇರಲಿ ಎಂದು.